ಮಲೇರಿಯಾ ಮೂರು ಸಲ ಬಂತು, ನನ್ನ ಇಮ್ಯೂನಿಟಿ ಸತ್ತೇ ಹೋಯಿತಾ?

ಪ್ರಶ್ನೆ: ನನಗೆ 34 ವರ್ಷ. ಕಳೆದ ಹದಿನಾಲ್ಕು ತಿಂಗಳಲ್ಲಿ ಮೂರು ಸಲ ಮಲೇರಿಯಾ ಬಂದಿದೆ. ಮೊದಲ ಸಲ ವೈವ್ಯಾಕ್ಸ್ ಅನ್ನುವ ಜಾತಿಯದು. ಮೂರು ದಿನದ ಮಾತ್ರೆ ಮುಗಿಸಿದೆ. ಜೊತೆಗೆ 14 ದಿನದ ಇನ್ನೊಂದು ಮಾತ್ರೆ ಕೊಟ್ಟಿದ್ದರು. ಐದನೇ ದಿನಕ್ಕೆ ಹೊಟ್ಟೆ ಉರಿ ಶುರುವಾಯಿತು, ಜ್ವರವೂ ಬಿಟ್ಟಿತ್ತು, ನಿಲ್ಲಿಸಿಬಿಟ್ಟೆ. ಎರಡು ತಿಂಗಳಿಗೆ ಮತ್ತೆ ವೈವ್ಯಾಕ್ಸ್. ಆಗಲೂ ಜ್ವರ ಇಳಿಸುವ ಮೂರು ದಿನದ್ದಷ್ಟೇ ತೆಗೆದುಕೊಂಡೆ. ಹೋದ ತಿಂಗಳು ಮೂರನೇ ಸಲ ಬಂತು, ಈ ಬಾರಿ ಫಾಲ್ಸಿಪಾರಮ್ ಅನ್ನುವ ಇನ್ನೊಂದು ಜಾತಿ ಅಂತ ವರದಿ, ಆಸ್ಪತ್ರೆಗೆ ಸೇರಬೇಕಾಯಿತು. ಚಿಕನ್‌ಪಾಕ್ಸ್ ಒಮ್ಮೆ ಬಂದರೆ ಮತ್ತೆ ಬರಲ್ಲ, ಇದು ಯಾಕೆ ಹೀಗೆ? ನಿನ್ನ ಇಮ್ಯೂನಿಟಿ ಹೋಗಿದೆ ಅಂತ ಮನೆಯವರು ಬೂಸ್ಟರ್ ಪುಡಿ ತಂದಿಟ್ಟಿದ್ದಾರೆ. ಮಲೇರಿಯಾ ಜೀವಿ ಏನೋ ಪ್ರೋಟೀನ್ ಮಾಡಿ ನಮ್ಮ ಇಮ್ಯೂನಿಟಿಗೆ ಮೋಸ ಮಾಡುತ್ತದೆ ಅಂತ ಓದಿದೆ. ನಿಜವಾ? ಹಾಗೆ ಅಡಗಿಕೊಳ್ಳುವುದಾದರೆ ರಕ್ತ ಪರೀಕ್ಷೆಯಲ್ಲಿ ಹೇಗೆ ಸಿಗುತ್ತದೆ? ಇಮ್ಯೂನಿಟಿ ಟೆಸ್ಟ್ ಮಾಡಿಸಲಾ? ಲಸಿಕೆ ಇದೆಯಾ? ಮುಂದಿನ ವರ್ಷ ಮಗುವಿನ ಯೋಚನೆಯೂ ಇದೆ, ಅದಕ್ಕೇ ಭಯ ಜಾಸ್ತಿಯಾಗಿದೆ.

ಉತ್ತರ: ನಿಮ್ಮನ್ನು ಕೊರೆಯುತ್ತಿರುವ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಿಮ್ಮ ಇಮ್ಯೂನಿಟಿ ಸತ್ತಿಲ್ಲ. ನೀವು ಬರೆದದ್ದನ್ನು ಎರಡು ಸಲ ಓದಿದೆ, ಹಾಗೆ ಅನುಮಾನ ಪಡುವಂಥದ್ದು ಒಂದೂ ಕಾಣಲಿಲ್ಲ. ನನ್ನ ಕಣ್ಣು ನಿಂತದ್ದು ಬೇರೆ ಕಡೆ, ಆ ಐದನೇ ದಿನದ ಮೇಲೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ನೀವು ಓದಿದ್ದು ನಿಜ. ಮಲೇರಿಯಾದ ಜೀವಿ ಕೆಲವು ಪ್ರೋಟೀನ್‌ಗಳ ಸಹಾಯದಿಂದ ನಮ್ಮ ಕಾವಲುಪಡೆಯ ಕೈಗೆ ಸಿಗದೆ ಓಡಾಡುತ್ತದೆ. ನಾನು ಕೆಲಸ ಶುರುಮಾಡಿದಾಗಿಂದ ನೋಡುತ್ತಿರುವುದು ಇದನ್ನೇ, ಇನ್ನೂ ಬೇಜಾರು ಬಂದಿಲ್ಲ. ‘ಮೋಸ’ ಅನ್ನುವ ಪದ ಮಾತ್ರ ನಮ್ಮ ಅನುಕೂಲಕ್ಕೆ. ಆ ಜೀವಿಗೆ ತಲೆಯೂ ಇಲ್ಲ, ಉದ್ದೇಶವೂ ಇಲ್ಲ. ಸಿಕ್ಕಿಬಿದ್ದವು ಸತ್ತವು, ಸಿಗದವು ಉಳಿದವು, ಉಳಿದವುಗಳ ಮಕ್ಕಳು ಈಗ ನಮ್ಮ ರಕ್ತದಲ್ಲಿವೆ, ಅಷ್ಟೆ.

ಚಿಕನ್‌ಪಾಕ್ಸ್ ಹೋಲಿಕೆ ಪೂರ್ತಿ ಸರಿಯಲ್ಲ. ಆ ವೈರಸ್ ಮೈ ಬಿಟ್ಟು ಹೋಗುವುದೇ ಇಲ್ಲ. ನರಗಳ ಗಂಟುಗಳಲ್ಲಿ ಸುಮ್ಮನೆ ಮಲಗಿರುತ್ತದೆ, ವಯಸ್ಸಾದ ಮೇಲೆ ಕೆಲವರಲ್ಲಿ ಸರ್ಪಸುತ್ತಾಗಿ ಎದ್ದು ಬರುತ್ತದೆ. ಒಮ್ಮೆ ಬಂದರೆ ಮುಗಿಯಿತು ಅನ್ನುವ ಮಾತು ನಿಜವಾಗಿ ಒಪ್ಪುವುದು ದಡಾರಕ್ಕೆ. ದಡಾರದ ವೈರಸ್‌ಗೆ ಇರುವುದು ಆರೇ ಜೀನ್. ಅದರ ಹೊರಮೈ ಹೆಚ್ಚು ಬದಲಾಗುವುದಿಲ್ಲ. ಒಂದು ಸಲ ಆಂಟಿಬಾಡಿ ಮಾಡಿಕೊಂಡರೆ ಅದು ಜೀವನಪೂರ್ತಿ ಕೆಲಸಕ್ಕೆ ಬರುತ್ತದೆ. ಫಾಲ್ಸಿಪಾರಮ್‌ಗೆ ಇರುವುದು ಸುಮಾರು 5,300 ಜೀನ್. ಮೇಲಾಗಿ ಅದು ಒಂದೇ ರೂಪದಲ್ಲಿ ಇರುವುದೂ ಇಲ್ಲ: ಸೊಳ್ಳೆ ಕಚ್ಚಿದಾಗ ಒಂದು ರೂಪ, ಲಿವರ್‌ನಲ್ಲಿ ಇನ್ನೊಂದು, ಕೆಂಪು ರಕ್ತಕಣದೊಳಗೆ ಮತ್ತೊಂದು, ಮತ್ತೆ ಸೊಳ್ಳೆಗೆ ಹೋಗಲು ಬೇರೆಯೇ ಒಂದು. ಒಂದು ರೂಪದ ಮೇಲೆ ಕಲಿತ ಪಾಠ ಇನ್ನೊಂದಕ್ಕೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

ಈಗ ಅಸಲು ಆಟ. ನಮ್ಮ ಮೈಯ ಬಹುತೇಕ ಎಲ್ಲ ಜೀವಕೋಶಗಳೂ ತಮ್ಮೊಳಗೆ ಏನು ನಡೆಯುತ್ತಿದೆ ಅನ್ನುವುದರ ತುಣುಕುಗಳನ್ನು ಹೊರಗೆ ತೋರಿಸುತ್ತಿರುತ್ತವೆ. ಒಳಗೆ ಕಳ್ಳ ಸೇರಿದ್ದರೆ ಟಿ ಕಣಗಳು ಅನ್ನುವ ಕಾವಲು ಕಣಗಳಿಗೆ ಹಾಗೆ ಗೊತ್ತಾಗುತ್ತದೆ. ಕೆಂಪು ರಕ್ತಕಣ ಮಾತ್ರ ಕಿಟಕಿಯೇ ಇಲ್ಲದ ಮನೆ. ಅದಕ್ಕೆ ನ್ಯೂಕ್ಲಿಯಸ್ ಇಲ್ಲ, ಹಾಗೆ ತೋರಿಸುವ ವ್ಯವಸ್ಥೆಯೂ ಇಲ್ಲ. ಮಲೇರಿಯಾ ಜೀವಿ ಅಡಗಲು ಇದಕ್ಕಿಂತ ಒಳ್ಳೆ ಜಾಗ ಸಿಗುವುದು ಕಷ್ಟ. ಆದರೆ ಒಂದು ತೊಂದರೆ ಇದೆ. ಜೀವಿ ಒಳಗೆ ಬೆಳೆದಂತೆ ರಕ್ತಕಣ ಗಡುಸಾಗುತ್ತದೆ, ಮೊದಲಿನ ಹಾಗೆ ಬಾಗುವುದಿಲ್ಲ. ಗುಲ್ಮದ, ಅಂದರೆ ಸ್ಪ್ಲೀನ್‌ನ, ಕೆಲಸವೇ ಅಂಥ ಗಡುಸು ಕಣಗಳನ್ನು ಸೋಸಿ ತೆಗೆಯುವುದು. ಸುಮ್ನೆ ರಕ್ತದಲ್ಲಿ ತೇಲುತ್ತಾ ಇದ್ದರೆ ಗುಲ್ಮ ಹಿಡಿಯುತ್ತದೆ.

ಹಾಗಾಗಿ ಫಾಲ್ಸಿಪಾರಮ್ ಒಂದು ಪ್ರೋಟೀನ್ ತಯಾರಿಸಿ ರಕ್ತಕಣದ ಹೊರಗೆ ತಂದು ನಿಲ್ಲಿಸುತ್ತದೆ. ಅದರ ಹೆಸರು ಪಿಎಫ್‌ಇಎಂಪಿ-1. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸೋಂಕಾದ ಕಣದ ಮೈಮೇಲೆ ಬೆವರುಸಾಲೆಯ ಹಾಗೆ ಸಣ್ಣ ಸಣ್ಣ ಗುಬುಟು ಕಾಣುತ್ತವೆ, ಈ ಪ್ರೋಟೀನ್ ಇರುವುದು ಅವುಗಳ ಮೇಲೆ. ಕೆಲಸ ಅಂಟಿನದು. ರಕ್ತನಾಳದ ಒಳಗೋಡೆಗೆ ಕಣವನ್ನು ಅಂಟಿಸಿಬಿಡುತ್ತದೆ. ಗೋಡೆಗೆ ಅಂಟಿದ ಕಣ ಗುಲ್ಮದ ಕಡೆ ಹೋಗುವುದೇ ಇಲ್ಲ.

ಇದನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ಕಣ್ಣಾರೆ ನೋಡಿದ್ದೆ, ನೋಡಿಯೂ ಅರ್ಥವಾಗಿರಲಿಲ್ಲ. ಶುರುವಿನಲ್ಲಿ ನನಗೆ ಕೊಟ್ಟಿದ್ದ ಕೆಲಸ ರಕ್ತದ ಸ್ಲೈಡ್ ನೋಡಿ ಎಣಿಸುವುದು. ವೈವ್ಯಾಕ್ಸ್ ಸ್ಲೈಡ್‌ನಲ್ಲಿ ಎಲ್ಲ ವಯಸ್ಸಿನವೂ ಸಿಗುತ್ತಿದ್ದವು: ಉಂಗುರದ ಹಾಗಿರುವ ಮರಿಗಳು, ಕೈಕಾಲು ಚಾಚಿದ ಹಾಗೆ ಬೆಳೆದವು, ಒಡೆಯಲು ತಯಾರಾದ ಗೊಂಚಲುಗಳು. ಫಾಲ್ಸಿಪಾರಮ್ ಸ್ಲೈಡ್‌ನಲ್ಲಿ ಬರೀ ಉಂಗುರ. ಮಧ್ಯೆ ಎಲ್ಲೋ ಒಂದೆರಡು ಬಾಳೆಹಣ್ಣಿನ ಆಕಾರದವು, ಸೊಳ್ಳೆಗೆ ಹೋಗುವ ರೂಪ ಅದು. ಬೆಳೆದವು ಒಂದೂ ಇಲ್ಲ. ಮರಿಗಳು ಇಷ್ಟಿವೆ, ದೊಡ್ಡವು ಎಲ್ಲಿ ಹೋದವು ಅಂತ ಹಿರಿಯರೊಬ್ಬರನ್ನು ಕೇಳಿದೆ. ಅವರು ತಲೆಯೆತ್ತದೆ, “ಗೋಡೆಗೆ ಅಂಟಿಕೊಂಡಿವೆ, ನಿನ್ನ ಸೂಜಿಗೆ ಸಿಗಲ್ಲ” ಅಂದರು. ಆಮೇಲೆ ಒಂದು ದಿನ ಪ್ಲಾಸ್ಟಿಕ್ ತಟ್ಟೆಯಲ್ಲಿ ರಕ್ತನಾಳದ ಗೋಡೆಯ ಕೋಶಗಳನ್ನು ಬೆಳೆಸಿ, ಅದರ ಮೇಲೆ ಸೋಂಕಾದ ರಕ್ತ ಹರಿಯಬಿಟ್ಟು ತೋರಿಸಿದರು. ಆರೋಗ್ಯದ ಕಣಗಳು ಜಾರಿಕೊಂಡು ಹೋದವು. ಸೋಂಕಾದವು ಒಂದೆರಡು ಸಲ ಉರುಳಿ, ಗಕ್ಕನೆ ನಿಂತವು. ತೊಳೆದರೂ ಹೋಗಲಿಲ್ಲ. ಫಾಲ್ಸಿಪಾರಮ್ ಮಿದುಳಿಗೆ ಯಾಕೆ ಅಪಾಯ ಅನ್ನುವುದಕ್ಕೂ ಇದೇ ಮುಖ್ಯ ಕಾರಣ. ಅಂಟುವ ಜಾಗ ಮಿದುಳಿನ ಸಣ್ಣ ರಕ್ತನಾಳಗಳಾದರೆ ಅಲ್ಲಿ ರಕ್ತ ಓಡುವುದೇ ಕಷ್ಟವಾಗುತ್ತದೆ.

ಈಗ ಜೀವಿಗೆ ಇನ್ನೊಂದು ಇಕ್ಕಟ್ಟು. ಗುಲ್ಮದಿಂದ ತಪ್ಪಿಸಿಕೊಳ್ಳಲು ಹೊರಗಿಟ್ಟ ಪ್ರೋಟೀನ್ ಆಂಟಿಬಾಡಿಗಳ ಕಣ್ಣಿಗೆ ಬೀಳುತ್ತದೆ. ಕಿಟಕಿಯಿಲ್ಲದ ಮನೆಯೊಳಗೆ ಕೂತವನು ಹೊರಗೆ ಬೋರ್ಡ್ ಹಾಕಿದ ಹಾಗಾಯಿತು. ಒಂದು ವಾರ ಹತ್ತು ದಿನದಲ್ಲಿ ನಮ್ಮ ಮೈ ಆ ಬೋರ್ಡಿಗೆ ಸರಿಯಾದ ಆಂಟಿಬಾಡಿ ತಯಾರಿಸಿ ಹೊಡೆಯಲು ಶುರುಮಾಡುತ್ತದೆ. ನಿಮ್ಮ ಮೈಯೂ ಮಾಡಿರುತ್ತದೆ, ಅನುಮಾನ ಬೇಡ. ಅಷ್ಟರಲ್ಲಿ ಕೆಲವು ಜೀವಿಗಳು ಬೋರ್ಡ್ ಬದಲಿಸಿರುತ್ತವೆ.

ಈ ಅಂಟುವ ಪ್ರೋಟೀನ್‌ಗೆ ಫಾಲ್ಸಿಪಾರಮ್ ಬಳಿ ಒಂದಲ್ಲ, ಸುಮಾರು 60 ಜೀನ್‌ಗಳಿವೆ. ವಾರ್ ಜೀನ್ ಅನ್ನುತ್ತೇವೆ, 1995ರಲ್ಲಿ ಪತ್ತೆಯಾದವು. ಒಂದು ಸಲಕ್ಕೆ ಒಂದು ಜೀನ್ ಮಾತ್ರ ಎದ್ದಿರುತ್ತದೆ, ಉಳಿದವೆಲ್ಲ ಮುಚ್ಚಿಟ್ಟ ಪೆಟ್ಟಿಗೆಯಲ್ಲಿ. ಜೀವಿ 48 ಗಂಟೆಗೊಮ್ಮೆ ಹೊಸ ರಕ್ತಕಣಕ್ಕೆ ಹಾರುವಾಗ ಕೆಲವು ಮರಿಗಳು ಹಳೆಯದನ್ನು ಮುಚ್ಚಿ ಬೇರೊಂದನ್ನು ತೆರೆಯುತ್ತವೆ. ನಾವು ಚಾಪೆ ಕೆಳಗೆ ತೂರಿದರೆ ಅದು ರಂಗೋಲಿ ಕೆಳಗೆ ತೂರುತ್ತದೆ. ಒಂದೇ ಸಲಕ್ಕೆ ಅರವತ್ತನ್ನೂ ತೋರಿಸಿದ್ದರೆ ನಮ್ಮ ಮೈ ಅರವತ್ತಕ್ಕೂ ಒಟ್ಟಿಗೆ ಆಂಟಿಬಾಡಿ ಮಾಡಿ ಮುಗಿಸುತ್ತಿತ್ತು. ಒಂದೊಂದೇ ತೋರಿಸುವುದರಲ್ಲೇ ಇದರ ಜಾಣತನವೆಲ್ಲ ಇರುವುದು. ಇದೂ ಸಾಲದು ಅಂತ, ಬೇರೆ ಬೇರೆ ಜೀವಿಗಳು ಸೇರಿ ಮರಿ ಮಾಡುವಾಗ ಈ ಜೀನ್‌ಗಳು ಇಸ್ಪೀಟ್ ಎಲೆ ಕಲೆಸಿದ ಹಾಗೆ ಕಲೆಸಿಕೊಳ್ಳುತ್ತವೆ. ಒಬ್ಬರಿಗೆ ಬಂದ ಫಾಲ್ಸಿಪಾರಮ್‌ನ ಅರವತ್ತಕ್ಕೂ ಪಕ್ಕದವರಿಗೆ ಬಂದದ್ದರ ಅರವತ್ತಕ್ಕೂ ಹೋಲಿಕೆ ಕಡಿಮೆ.

ಇನ್ನೊಂದು ಪ್ರೋಟೀನ್ ಗುಂಪಿದೆ, ರಿಫಿನ್ ಅಂತ. ಇದು ವೇಷ ಬದಲಿಸುವುದರ ಜೊತೆಗೆ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ನಮ್ಮ ಕಾವಲು ಕಣಗಳ ಮೇಲೆ ‘ಸಾಕು, ನಿಲ್ಲಿಸು’ ಅನ್ನುವ ಬ್ರೇಕುಗಳಿವೆ. ಅವು ಇರಲೇಬೇಕು, ಇಲ್ಲದಿದ್ದರೆ ನಮ್ಮ ಮೈಯನ್ನೇ ಹೊಡೆದುಕೊಳ್ಳುತ್ತೇವೆ. ಕೆಲವು ರಿಫಿನ್‌ಗಳು ನೇರವಾಗಿ ಆ ಬ್ರೇಕಿನ ಮೇಲೆ ಕಾಲಿಡುತ್ತವೆ. ಆದರೆ ನಮ್ಮವರೂ ಕಡಿಮೆ ಇಲ್ಲ. ಆಫ್ರಿಕಾದ ಮಲೇರಿಯಾ ಪ್ರದೇಶಗಳ ಕೆಲವರಲ್ಲಿ ಒಂದು ವಿಚಿತ್ರ ಆಂಟಿಬಾಡಿ ಇರುವುದು 2016ರಲ್ಲಿ ವರದಿಯಾಯಿತು. ಅದು ಆ ಬ್ರೇಕಿನದೇ ಒಂದು ತುಂಡನ್ನು ತನ್ನೊಳಗೆ ಜೋಡಿಸಿಕೊಂಡಿತ್ತು. ರಿಫಿನ್ ಬ್ರೇಕ್ ಅಂದುಕೊಂಡು ಬಂದು ಕಚ್ಚಿಕೊಂಡರೆ ಅದು ಬೋನು. ಇದನ್ನು ಓದಿದ ದಿನ ನಾನು ಪಕ್ಕದ ಕೋಣೆಗೆ ಹೋಗಿ ಇಬ್ಬರಿಗೆ ಹೇಳಿ ಬಂದಿದ್ದೆ, ಅಷ್ಟು ಖುಷಿಯಾಗಿತ್ತು.

ಹಾಗಾದರೆ ಮಲೇರಿಯಾಗೆ ಇಮ್ಯೂನಿಟಿ ಬರುವುದೇ ಇಲ್ವಾ? ಬರುತ್ತದೆ, ನಿಧಾನಕ್ಕೆ. ಸೋಂಕು ಜಾಸ್ತಿ ಇರುವ ಕಡೆ ಹುಟ್ಟಿ ಬೆಳೆದವರಿಗೆ ಬಾಲ್ಯದಲ್ಲಿ ಮತ್ತೆ ಮತ್ತೆ ಬಂದು, ಬೋರ್ಡುಗಳ ಸಂಗ್ರಹ ಬೆಳೆದು, ದೊಡ್ಡವರಾಗುವ ಹೊತ್ತಿಗೆ ರಕ್ತದಲ್ಲಿ ಜೀವಿ ಇದ್ದರೂ ಜ್ವರ ಬರದ ಸ್ಥಿತಿ ಬರುತ್ತದೆ. ಆ ದಾರಿಯಲ್ಲಿ ಸಾಯುವ ಮಕ್ಕಳೇ ಬಹಳ, ಅದಕ್ಕೇ ಇದನ್ನು ಯಾರೂ ‘ಸಹಜ ಲಸಿಕೆ’ ಅಂತ ಹೊಗಳಬಾರದು. 1961ರಲ್ಲಿ ಪ್ರಕಟವಾದ ಗ್ಯಾಂಬಿಯಾದ ಒಂದು ಪ್ರಯೋಗದಲ್ಲಿ ಅಲ್ಲಿನ ದೊಡ್ಡವರ ರಕ್ತದಿಂದ ಆಂಟಿಬಾಡಿ ತೆಗೆದು ಮಲೇರಿಯಾ ಬಂದ ಮಕ್ಕಳಿಗೆ ಕೊಟ್ಟಾಗ ಅವರ ರಕ್ತದಲ್ಲಿ ಜೀವಿಗಳು ತೀರಾ ಕಡಿಮೆಯಾದವು. ಅಂದರೆ ಆಂಟಿಬಾಡಿ ಕೆಲಸ ಮಾಡುತ್ತದೆ. ಸಾಕಷ್ಟು ಬಗೆಯವು ಬೇಕು, ಅಷ್ಟೆ. ಸೋಂಕಿಲ್ಲದ ಕಡೆ ಹೋಗಿ ಕೆಲವು ವರ್ಷ ಇದ್ದರೆ ಈ ರಕ್ಷಣೆ ಸವೆಯುತ್ತದೆ ಕೂಡ. ಹದಿನಾಲ್ಕು ತಿಂಗಳಲ್ಲಿ ಮೂರು ಸಲ, ಅದರಲ್ಲೂ ಎರಡು ಜಾತಿ ಸೇರಿ, ನಿಮಗೆ ಇನ್ನೂ ರಕ್ಷಣೆ ಬಂದಿಲ್ಲ ಅನ್ನುವುದು ಮಲೇರಿಯಾದ ಲೆಕ್ಕದಲ್ಲಿ ಮಾಮೂಲು. ವೈವ್ಯಾಕ್ಸ್ ಮೇಲೆ ಮಾಡಿಕೊಂಡ ಆಂಟಿಬಾಡಿ ಫಾಲ್ಸಿಪಾರಮ್ ಎದುರು ನಿಲ್ಲುತ್ತದೆ ಅಂತ ನೆಚ್ಚಿಕೊಳ್ಳುವ ಹಾಗೂ ಇಲ್ಲ.

ಮಗುವಿನ ವಿಷಯ ಹೇಳಿದ್ದರಿಂದ ಇದನ್ನೂ ಸೇರಿಸುತ್ತೇನೆ. ಆ ಅರವತ್ತರಲ್ಲಿ ವಾರ್‌2ಸಿಎಸ್‌ಎ ಅಂತ ಒಂದಿದೆ. ಅದು ಅಂಟುವುದು ಗರ್ಭಿಣಿಯರ ಮಾಸಿಗೆ, ಅಂದರೆ ಪ್ಲಾಸೆಂಟಾಗೆ. ಬಾಲ್ಯದಿಂದ ಮಲೇರಿಯಾ ಕಂಡು ಗಟ್ಟಿಯಾದ ಹೆಂಗಸರಿಗೂ ಮೊದಲ ಬಸಿರಿನಲ್ಲಿ ಮಲೇರಿಯಾ ಕಾಟ ಕೊಡುವುದು ಇದರಿಂದ. ಆವರೆಗೆ ಮೈಯಲ್ಲಿ ಮಾಸು ಇರಲಿಲ್ಲ, ಹಾಗಾಗಿ ಈ ಬೋರ್ಡ್‌ಗೆ ಆಂಟಿಬಾಡಿಯೂ ಇರಲಿಲ್ಲ. ಎರಡನೇ ಮೂರನೇ ಬಸಿರಿನ ಹೊತ್ತಿಗೆ ಆಂಟಿಬಾಡಿ ಬೆಳೆದು ಕಾಟ ಕಡಿಮೆಯಾಗುತ್ತದೆ. ನೀವು ಯೋಚಿಸುತ್ತಿರುವುದು ಮೊದಲ ಮಗುವಾಗಿದ್ದರೆ ಬಸಿರಿಗೆ ಮುಂಚೆಯೇ ಈ ಮಲೇರಿಯಾ ವಿಷಯ ಮುಗಿಸಿಕೊಳ್ಳುವುದು ಒಳ್ಳೆಯದು. ಯಾಕೆ ಅನ್ನುವುದಕ್ಕೆ ಇನ್ನೊಂದು ಕಾರಣ ಕೆಳಗಿದೆ.

ಮಲೇರಿಯಾ ಒಂದೇ ಹೀಗೆ ಅಂದುಕೊಳ್ಳಬೇಡಿ. ಆಫ್ರಿಕಾದ ನಿದ್ರಾರೋಗ ತರುವ ಟ್ರಿಪನೋಸೋಮ್ ಇದಕ್ಕಿಂತ ಧೈರ್ಯದ್ದು, ಅದು ಕಣದೊಳಗೆ ಅಡಗುವುದೇ ಇಲ್ಲ. ರಕ್ತದಲ್ಲಿ ಬಯಲಲ್ಲೇ ಈಜುತ್ತದೆ. ಮೈತುಂಬ ಒಂದೇ ಪ್ರೋಟೀನ್‌ನ ಸುಮಾರು ಒಂದು ಕೋಟಿ ಪ್ರತಿಗಳ ಅಂಗಿ, ಆ ಅಂಗಿ ಬದಲಿಸಲು 2,000ಕ್ಕೂ ಹೆಚ್ಚು ಜೀನ್ ಮತ್ತು ಜೀನ್ ತುಂಡುಗಳ ಬೀರು. ಮಲೇರಿಯಾ ಹರಡುವುದು ಸೊಳ್ಳೆಯಿಂದ ಅಂತ ತೋರಿಸಿದ ರೊನಾಲ್ಡ್ ರಾಸ್, ಡೇವಿಡ್ ಥಾಮ್ಸನ್ ಅನ್ನುವವರ ಜೊತೆ ಸೇರಿ 1910ರಲ್ಲಿ ಒಬ್ಬ ರೋಗಿಯ ರಕ್ತದಲ್ಲಿ ದಿನದಿನವೂ ಇವನ್ನು ಎಣಿಸಿ ಗೆರೆ ಎಳೆದರು. ಗೆರೆ ಅಲೆಯ ಹಾಗೆ ಏಳುತ್ತಿತ್ತು, ಬೀಳುತ್ತಿತ್ತು. ಪ್ರತಿ ಬೀಳೂ ಆಂಟಿಬಾಡಿಯ ಗೆಲುವು, ಪ್ರತಿ ಏಳೂ ಹೊಸ ಅಂಗಿ. ಇದರ ಇನ್ನೊಂದು ಚಾಳಿ ನನಗೆ ಬಹಳ ಇಷ್ಟ: ಮೈಗೆ ಒಂದಷ್ಟು ಆಂಟಿಬಾಡಿ ಅಂಟಿಕೊಂಡರೆ ಜೋರಾಗಿ ಮುಂದಕ್ಕೆ ಈಜುತ್ತದೆ, ಆ ಹರಿವಿಗೆ ಆಂಟಿಬಾಡಿಗಳು ಹಿಂದಕ್ಕೆ ಸರಿಯುತ್ತವೆ, ಹಿಂದಿನ ತುದಿಯಲ್ಲಿ ಅವನ್ನು ನುಂಗಿಬಿಡುತ್ತದೆ. ಕೆಲವೇ ನಿಮಿಷದಲ್ಲಿ ಮೈ ಸ್ವಚ್ಛ.

ಕಾಲಾ ಅಜಾರ್ ಅನ್ನುವ ಜ್ವರ ತರುವ ಲೀಶ್ಮೇನಿಯಾ ಜೀವಿಯ ದಾರಿ ಬೇರೆ. ಅದರ ಮೈಮೇಲೆ ಜಿಪಿ63 ಅಂತ ಕತ್ತರಿಯಂಥ ಪ್ರೋಟೀನ್ ಇದೆ. ನಮ್ಮ ರಕ್ತದ ಪ್ರೋಟೀನ್‌ಗಳು ಕೊಲ್ಲಲೆಂದು ಬಂದು ಅಂಟಿದರೆ ಅದನ್ನು ಕತ್ತರಿಸಿ, ಕೊಲ್ಲದ ರೂಪಕ್ಕೆ ಇಳಿಸುತ್ತದೆ. ಆ ರೂಪ ನೋಡಿ ನಮ್ಮ ಭಕ್ಷಕ ಕಣ ಇದನ್ನು ಒಳಗೆ ಕರೆದುಕೊಳ್ಳುತ್ತದೆ, ಇದಕ್ಕೆ ಬೇಕಿದ್ದೂ ಅದೇ, ಇದರ ಮನೆಯೇ ಆ ಕಣದೊಳಗೆ. ಕೆಲವು ಹುಳುಗಳಂತೂ ಅಡಗುವ ಗೋಜಿಗೇ ಹೋಗುವುದಿಲ್ಲ, ಒಳಗೇ ಕೂತು ಕಾವಲುಗಾರರಿಗೆ ಜೋಗುಳ ಹಾಡುತ್ತವೆ. ಇಲಿಯ ಕರುಳಿನ ಒಂದು ಹುಳು ಮಾಡುವ ಪ್ರೋಟೀನ್, ಉರಿಯೂತ ತಣಿಸುವ ನಮ್ಮದೇ ಒಂದು ಸಂದೇಶದ ಕೆಲಸ ಮಾಡುತ್ತದೆ, ರಚನೆಯಲ್ಲಿ ಮಾತ್ರ ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇದರ ಬಗ್ಗೆ ಬರೆದರೆ ಇನ್ನೊಂದು ಉತ್ತರವೇ ಆದೀತು, ಬಿಡಿ.

ಈಗ ಐದನೇ ದಿನದ ಮಾತ್ರೆಗೆ ಬರೋಣ.

ವೈವ್ಯಾಕ್ಸ್ ಕೂಡ, ಮೇಲೆ ಹೇಳಿದಂಥ ಬೋರ್ಡ್ ಬದಲಾವಣೆಯ ಜೀನ್‌ಗಳನ್ನು ಇಟ್ಟುಕೊಂಡಿದೆ, ನೂರಾರು ಇವೆ. ಆದರೆ ಅದರ ದೊಡ್ಡ ಅಸ್ತ್ರ ಇನ್ನೂ ಸರಳವಾದದ್ದು: ನಿದ್ದೆ. ಸೊಳ್ಳೆ ಕಚ್ಚಿದಾಗ ಲಿವರ್‌ಗೆ ಹೋದವುಗಳಲ್ಲಿ ಕೆಲವು ತಕ್ಷಣ ಬೆಳೆದು ರಕ್ತಕ್ಕೆ ಬರುತ್ತವೆ. ಉಳಿದ ಕೆಲವು ಅಲ್ಲೇ ಒಂಟಿ ಕಣವಾಗಿ ಮಲಗುತ್ತವೆ. ಹಿಪ್ನೋಝೋಯಿಟ್ ಅನ್ನುತ್ತೇವೆ. ಇವು ಹೆಚ್ಚು ಪ್ರೋಟೀನ್ ಮಾಡುವುದಿಲ್ಲ, ಸದ್ದು ಮಾಡುವುದಿಲ್ಲ, ಕಾವಲುಗಾರರಿಗೆ ಸುಳಿವೇ ಸಿಗುವುದಿಲ್ಲ. ವಾರಗಳು, ತಿಂಗಳುಗಳು ಕಳೆದ ಮೇಲೆ ಒಂದೊಂದಾಗಿ ಏಳುತ್ತವೆ. ನೀವು ಮುಗಿಸಿದ ಮೂರು ದಿನದ ಮಾತ್ರೆ ರಕ್ತದಲ್ಲಿ ಇರುವವನ್ನು ಕೊಂದಿತು, ಜ್ವರ ಬಿಟ್ಟಿತು. ಮಲಗಿರುವವನ್ನು ಕೊಲ್ಲಲು ಕೊಟ್ಟದ್ದು ಆ 14 ದಿನದ ಮಾತ್ರೆ, ನಿಮ್ಮ ವಿವರ ನೋಡಿದರೆ ಅದು ಪ್ರೈಮಾಕ್ವಿನ್ ಇರಬೇಕು. ಅದನ್ನು ನಿಲ್ಲಿಸಿದ ಎರಡು ತಿಂಗಳಿಗೆ ಮತ್ತೆ ವೈವ್ಯಾಕ್ಸ್ ಬಂದಿದೆ ಅಂದರೆ, ಸೊಳ್ಳೆ ಮತ್ತೆ ಕಚ್ಚಿತು ಅನ್ನುವುದಕ್ಕಿಂತ ಲಿವರ್‌ನಿಂದ ಎದ್ದು ಬಂತು ಅನ್ನುವುದೇ ನನ್ನ ಊಹೆ. ಹಾಗೆ ಎದ್ದು ಬರುವುದು ಎಷ್ಟೋ ಸಲ ಮೊದಲು ಜ್ವರ ತಂದದ್ದಕ್ಕಿಂತ ಜೀನ್‌ನಲ್ಲಿ ಬೇರೆಯದ್ದಾಗಿರುತ್ತದೆ, ಹಾಗಾಗಿ ಮೊದಲ ಸಲದ ಆಂಟಿಬಾಡಿ ಪೂರ್ತಿ ಹೊಂದುವುದಿಲ್ಲ. ಬೈಯುತ್ತಿಲ್ಲ. ಜ್ವರ ಬಿಟ್ಟ ಮೇಲೆ ಹೊಟ್ಟೆ ಉರಿಸುವ ಮಾತ್ರೆಯನ್ನು ಇನ್ನೂ ಒಂಬತ್ತು ದಿನ ನುಂಗಿ ಅಂದರೆ ಯಾರಿಗಾದರೂ ಕಷ್ಟವೇ. ಅದು ಯಾಕೆ ಬೇಕು ಅಂತ ನಿಮಗೆ ಯಾರೂ ಬಿಡಿಸಿ ಹೇಳಲಿಲ್ಲ ಅನ್ನಿಸುತ್ತದೆ.

ಮೂರನೆಯದು ಫಾಲ್ಸಿಪಾರಮ್, ಹೆಚ್ಚಾಗಿ ಹೊಸ ಸೊಳ್ಳೆ ಕಡಿತ. ಇದು ಲಿವರ್‌ನಲ್ಲಿ ಮಲಗುವುದಿಲ್ಲ. ಪೂರ್ತಿ ಚಿಕಿತ್ಸೆ ಆಗಿದ್ದರೆ ಇದರ ಕಥೆ ಅಲ್ಲಿಗೆ ಮುಗಿಯಿತು. ಆದರೆ ವೈವ್ಯಾಕ್ಸ್‌ನ ಮಲಗಿದ ಮರಿಗಳು ಇನ್ನೂ ಇರಬಹುದು, ಫಾಲ್ಸಿಪಾರಮ್ ಬಂದುಹೋದ ಮೇಲೆ ಅವು ಏಳುವುದು ಅಪರೂಪವೂ ಅಲ್ಲ.

ಏನು ಮಾಡಬಹುದು? ನಿಮ್ಮ ವೈದ್ಯರ ಹತ್ತಿರ ಹೋಗಿ, ವೈವ್ಯಾಕ್ಸ್‌ಗೆ ಪೂರ್ತಿ ಕೋರ್ಸ್ ಈಗ ಮಾಡಬೇಕಾ ಅಂತ ಕೇಳಿ. ಅದಕ್ಕೆ ಮೊದಲು ಜಿ6ಪಿಡಿ ಪರೀಕ್ಷೆ ಆಗಲಿ. ಇದು ಕೆಂಪು ರಕ್ತಕಣದ ಒಂದು ಕಿಣ್ವ. ಹುಟ್ಟಿನಿಂದಲೇ ಅದು ಕಡಿಮೆ ಇರುವವರು ಪ್ರೈಮಾಕ್ವಿನ್ ತೆಗೆದುಕೊಂಡರೆ ರಕ್ತಕಣಗಳು ಒಡೆಯುತ್ತವೆ, ಕೆಲವರಲ್ಲಿ ಅಪಾಯದ ಮಟ್ಟಕ್ಕೆ. ನೀವು ಐದು ದಿನ ತೆಗೆದುಕೊಂಡಾಗ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿತ್ತಾ, ಕಣ್ಣು ಹಳದಿಯಾಗಿತ್ತಾ, ಏದುಸಿರು ಬಂತಾ, ನೆನಪಿಸಿಕೊಂಡು ಹೇಳಿ. ಬರೀ ಹೊಟ್ಟೆ ಉರಿ ಅಂದರೆ ಅದು ಬೇರೆ ವಿಷಯ, ಊಟದ ಜೊತೆ ತೆಗೆದುಕೊಂಡರೆ ಬಹುತೇಕ ಜನರಿಗೆ ತಡೆದುಕೊಳ್ಳಬಹುದು. ಇನ್ನೊಂದು: ರಕ್ತಕಣಗಳು ತುಂಬಾ ಒಡೆದ ಹೊಸದರಲ್ಲಿ ಈ ಪರೀಕ್ಷೆ ಸುಳ್ಳು ಧೈರ್ಯ ಕೊಡಬಹುದು, ಯಾಕೆಂದರೆ ಹಳೆಯ ಕಣಗಳು ಹೋಗಿ ಕಿಣ್ವ ಜಾಸ್ತಿ ಇರುವ ಎಳೆಯ ಕಣಗಳು ಉಳಿದಿರುತ್ತವೆ. ಹೋದ ತಿಂಗಳ ಆಸ್ಪತ್ರೆ ವಾಸದ ಬಗ್ಗೆ ಹೇಳಿದರೆ ಯಾವಾಗ ಮಾಡಿಸಬೇಕು ಅಂತ ಅವರು ತೀರ್ಮಾನಿಸುತ್ತಾರೆ.

ಕಿಣ್ವ ಸರಿ ಇದ್ದರೆ ಸಾಮಾನ್ಯ ದಾರಿ ಪ್ರೈಮಾಕ್ವಿನ್ 14 ದಿನ, ಪೂರ್ತಿ. ಡೋಸ್ ಹೆಚ್ಚಿಸಿ ಏಳೇ ದಿನಕ್ಕೆ ಮುಗಿಸುವ ಪದ್ಧತಿಯೂ ಇದೆ. ದಿನ ಕಡಿಮೆ, ಆದರೆ ದಿನದ ಡೋಸ್ ದೊಡ್ಡದು, ಹೊಟ್ಟೆಯ ತಕರಾರೂ ಕಿಣ್ವ ಕಡಿಮೆ ಇರುವವರಿಗೆ ಅಪಾಯವೂ ಅಷ್ಟೇ ಜಾಸ್ತಿ. ಟಫೆನೋಕ್ವಿನ್ ಅಂತ ಒಂದೇ ಡೋಸಿನ ಮಾತ್ರೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಕೇಳಲು ಸುಲಭ, ಆದರೆ ಅದು ಮೈಯಲ್ಲಿ ವಾರಗಟ್ಟಲೆ ಉಳಿಯುತ್ತದೆ. ರಕ್ತಕಣ ಒಡೆಯಲು ಶುರುವಾದರೆ ಪ್ರೈಮಾಕ್ವಿನ್ ನಿಲ್ಲಿಸಬಹುದು, ಇದನ್ನು ವಾಪಸ್ ತೆಗೆಯಲಾಗುವುದಿಲ್ಲ. ಅದಕ್ಕೇ ಕಿಣ್ವದ ಮಟ್ಟ ಸಾಮಾನ್ಯದ 70 ಶೇಕಡಾಕ್ಕಿಂತ ಹೆಚ್ಚಿದೆ ಅಂತ ಅಳೆದು ನೋಡಿದ ಮೇಲೆ, ರಕ್ತದಲ್ಲಿರುವವನ್ನು ಕೊಲ್ಲುವ ಕ್ಲೋರೋಕ್ವಿನ್ ಮಾತ್ರೆಯ ಜೊತೆಗೆ ಮಾತ್ರ ಕೊಡುವುದು. ಕಿಣ್ವ ಕಡಿಮೆ ಇದೆ ಅಂತ ಬಂದರೆ ವಾರಕ್ಕೊಂದು ಸಲದಂತೆ ಎಂಟು ವಾರ ಪ್ರೈಮಾಕ್ವಿನ್ ಕೊಡುವ ದಾರಿ ಇದೆ, ಅದು ವೈದ್ಯರ ಕಣ್ಣಳತೆಯಲ್ಲೇ ಆಗಬೇಕು. ಬಸಿರಿನಲ್ಲಿ ಈ ಎರಡೂ ಮಾತ್ರೆ ಕೊಡುವುದಿಲ್ಲ. ಮಗುವಿನ ಯೋಚನೆಗೆ ಮೊದಲೇ ಮುಗಿಸಿ ಅಂದದ್ದು ಇದಕ್ಕೆ. ಪೂರ್ತಿ ಕೋರ್ಸ್ ಮುಗಿಸಿದ ಮೇಲೂ ವೈವ್ಯಾಕ್ಸ್ ಮರಳಿದರೆ ನಿಮ್ಮನ್ನೇ ಬೈದುಕೊಳ್ಳಬೇಡಿ. ಪ್ರೈಮಾಕ್ವಿನ್ ಲಿವರ್‌ನಲ್ಲಿ ಬದಲಾದ ಮೇಲೇ ಕೆಲಸ ಮಾಡುವುದು, ಕೆಲವರ ಲಿವರ್‌ನಲ್ಲಿ ಹುಟ್ಟಿನಿಂದಲೇ ಆ ಬದಲಾವಣೆ ಸರಿಯಾಗಿ ಆಗುವುದಿಲ್ಲ.

ಅಡಗಿದ್ದರೆ ಪರೀಕ್ಷೆಗೆ ಹೇಗೆ ಸಿಗುತ್ತದೆ ಅಂತ ಕೇಳಿದ್ದೀರಿ, ಒಳ್ಳೆ ಪ್ರಶ್ನೆ. ಆಂಟಿಬಾಡಿಗೆ ಬೇಕಾದದ್ದು ಹೊರಮೈ. ಸೂಕ್ಷ್ಮದರ್ಶಕ ಬಣ್ಣ ಹಾಕಿದ ಕಣದ ಒಳಗನ್ನೇ ನೋಡುತ್ತದೆ, ಅದಕ್ಕೆ ಬೋರ್ಡ್ ಯಾವುದಾದರೇನು. ಬೆರಳು ಚುಚ್ಚಿ ನೋಡುವ ಕಿಟ್ ಫಾಲ್ಸಿಪಾರಮ್ ರಕ್ತಕ್ಕೆ ಚೆಲ್ಲುವ ಎಚ್‌ಆರ್‌ಪಿ2 ಅನ್ನುವ ಪ್ರೋಟೀನ್ ಹಿಡಿಯುತ್ತದೆ. ಗೋಡೆಗೆ ಅಂಟಿದವೂ ಅದನ್ನು ಚೆಲ್ಲುತ್ತವೆ. ಗುಣವಾದ ಮೇಲೂ ಇದು ರಕ್ತದಲ್ಲಿ ವಾರಗಳ ಕಾಲ ಉಳಿಯುತ್ತದೆ, ಹಾಗಾಗಿ ಸುಮ್ನೆ ಅನುಮಾನಕ್ಕೆ ಕಿಟ್ ಹಾಕಿ ಪಾಸಿಟಿವ್ ಬಂತು ಅಂತ ಹೆದರಬೇಡಿ. ಉಲ್ಟಾ ಸಮಸ್ಯೆಯೂ ಇದೆ. ಈ ಜೀನನ್ನೇ ಕಳೆದುಕೊಂಡ ಫಾಲ್ಸಿಪಾರಮ್‌ಗಳು ಪೆರುವಿನಲ್ಲಿ ಸಿಕ್ಕಿದ್ದು 2010ರಲ್ಲಿ ವರದಿಯಾಯಿತು, ಆಮೇಲೆ ಬೇರೆ ಕಡೆಯೂ ಸಿಕ್ಕವು. ಅಂಥವುಗಳ ಮೇಲೆ ಆ ಕಿಟ್ ಮೌನವಾಗಿರುತ್ತದೆ. ಜ್ವರ ಜೋರಾಗಿದ್ದು ಕಿಟ್ ನೆಗೆಟಿವ್ ಬಂದರೆ ಸ್ಲೈಡ್ ಕೂಡ ನೋಡಿ ಅನ್ನುವುದು ಇದಕ್ಕೆ. ಮಲಗಿರುವ ವೈವ್ಯಾಕ್ಸ್ ಮಾತ್ರ ಇವೆರಡಕ್ಕೂ ಸಿಗುವುದಿಲ್ಲ.

ಬೂಸ್ಟರ್ ಪುಡಿ ಬೇಡ. ಯಾವುದನ್ನು ‘ಬೂಸ್ಟ್’ ಮಾಡುತ್ತೀರಿ? ನಿಮ್ಮ ಮೈಗೆ ಸೈನಿಕರ ಕೊರತೆಯಿಲ್ಲ, ಕಳ್ಳನ ಈಗಿನ ಚಹರೆ ಗೊತ್ತಿಲ್ಲ, ಅದನ್ನು ಯಾವ ಪುಡಿಯೂ ಕಲಿಸುವುದಿಲ್ಲ. ಮಲೇರಿಯಾದ ಚಳಿ, ನಡುಕ, ಜ್ವರ ಎಲ್ಲ ಬಹುಪಾಲು ನಿಮ್ಮದೇ ಕಾವಲುಪಡೆಯ ಗಲಾಟೆ, ಅದು ಚೆನ್ನಾಗಿಯೇ ಎದ್ದಿದೆ. ಒಳಗೆ ಏನಿದೆ ಅಂತ ಬರೆಯದ ಪುಡಿ ಈಗಷ್ಟೇ ಪೆಟ್ಟು ತಿಂದ ಲಿವರ್‌ಗೆ ಇನ್ನೊಂದು ಪೆಟ್ಟು ಕೊಟ್ಟರೆ ಅದಕ್ಕೆ ಯಾರು ಹೊಣೆ?

ಇಮ್ಯೂನಿಟಿ ಟೆಸ್ಟ್ ಅಂತ ಮಾರುವ ಪ್ಯಾಕೇಜ್ ಕೂಡ ನಿಮಗೆ ಬೇಕಿಲ್ಲ. ಮಲೇರಿಯಾ ಆಂಟಿಬಾಡಿ ಪರೀಕ್ಷೆ ಮಾಡಿದರೆ ನಿಮಗೆ ಹಿಂದೆ ಮಲೇರಿಯಾ ಬಂದಿತ್ತು ಅಂತ ಹೇಳುತ್ತದೆ, ಅದು ನಿಮಗೇ ಗೊತ್ತಲ್ಲ. ಮಲೇರಿಯಾ ಬಿಟ್ಟು ಪದೇ ಪದೇ ನ್ಯುಮೋನಿಯಾ, ಬಾಯಿಯಲ್ಲಿ ಬಿಳಿ ಪೊರೆ, ಕಾರಣವಿಲ್ಲದೆ ತೂಕ ಇಳಿಯುವುದು ಇಂಥವಿದ್ದರೆ ಆಗ ನೋಡಬೇಕು, ಎಚ್‌ಐವಿ ಪರೀಕ್ಷೆಯೂ ಸೇರಿ. ಅಪಘಾತ ಅಥವಾ ಶಸ್ತ್ರಚಿಕಿತ್ಸೆಯಲ್ಲಿ ಗುಲ್ಮ ತೆಗೆದಿದ್ದರೆ ಹೇಳಲೇಬೇಕು, ಅಂಥವರಿಗೆ ಮಲೇರಿಯಾ ತೀವ್ರವಾಗುವ ಅಪಾಯ ಜಾಸ್ತಿ.

ಲಸಿಕೆ ಇವೆ, ಎರಡು. ಆರ್‌ಟಿಎಸ್,ಎಸ್ ಲಸಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶಿಫಾರಸು ಮಾಡಿತು, ಆರ್21 ಅನ್ನು 2023ರಲ್ಲಿ. ಎರಡೂ ಸೊಳ್ಳೆಯಿಂದ ಬರುವ ರೂಪದ ಹೊರಮೈ ಪ್ರೋಟೀನ್ ಮೇಲೆ ಮಾಡಿದವು, ಲಿವರ್ ಸೇರುವ ಮುಂಚೆಯೇ ತಡೆಯುವುದು ಉದ್ದೇಶ. ಎರಡೂ ಫಾಲ್ಸಿಪಾರಮ್‌ಗೆ, ಮಲೇರಿಯಾ ಇರುವ ಪ್ರದೇಶದ ಮಕ್ಕಳಿಗೆ. ನಿಮ್ಮ ವಯಸ್ಸಿಗೂ ವೈವ್ಯಾಕ್ಸ್‌ಗೂ ಇವು ಅಲ್ಲ. ರಕ್ತದ ಹಂತಕ್ಕೆ ಪಿಎಫ್‌ಆರ್‌ಎಚ್5 ಅನ್ನುವ ಪ್ರೋಟೀನ್ ಮೇಲೆ ಕೆಲಸ ನಡೆಯುತ್ತಿದೆ. ಕೆಂಪು ಕಣದೊಳಗೆ ನುಗ್ಗಲು ಅದು ಬೇಕೇ ಬೇಕು, ಹಾಗಾಗಿ ಜೀವಿ ಅದನ್ನು ಹೆಚ್ಚು ಬದಲಿಸಿಕೊಳ್ಳಲು ಆಗುವುದಿಲ್ಲ. ನನಗೆ ಆಸೆ ಇರುವುದು ಅದರ ಮೇಲೆ.

ಅಲ್ಲಿವರೆಗೆ ನಿಮಗೆ ಉಳಿಯುವುದು ಸೊಳ್ಳೆ ಪರದೆ, ಮೈಗೆ ಹಚ್ಚುವ ಮುಲಾಮು, ಮತ್ತೆ ಜ್ವರ ಬಂದ ದಿನವೇ ಪರೀಕ್ಷೆ. ಮನೆಯಲ್ಲಿ ಉಳಿದ ಹಳೆ ಮಾತ್ರೆ ನುಂಗಿ ಎರಡು ದಿನ ನೋಡೋಣ ಅನ್ನಬೇಡಿ. ಅರ್ಧ ಡೋಸ್ ಜ್ವರ ಇಳಿಸಿ ಪರೀಕ್ಷೆಯನ್ನೂ ಕೆಡಿಸುತ್ತದೆ, ಫಾಲ್ಸಿಪಾರಮ್ ಆಗಿದ್ದರೆ ಆ ಎರಡು ದಿನ ಬಹಳ ದುಬಾರಿ. ವೈದ್ಯರ ಹತ್ತಿರ ಹೋಗುವಾಗ ಮೂರೂ ವರದಿ, ತೆಗೆದುಕೊಂಡ ಮಾತ್ರೆಗಳ ಹೆಸರು ಇರುವ ಚೀಟಿ ತೆಗೆದುಕೊಂಡು ಹೋಗಿ. ಐದನೇ ದಿನಕ್ಕೆ ನಿಲ್ಲಿಸಿದ್ದನ್ನು ನನಗೆ ಬರೆದ ಹಾಗೇ ಅವರಿಗೂ ಹೇಳಿ. ಬೈದರೂ ಪರವಾಗಿಲ್ಲ, ಅದು ಗೊತ್ತಿಲ್ಲದಿದ್ದರೆ ಅವರೂ ನಿಮ್ಮ ಇಮ್ಯೂನಿಟಿಯನ್ನೇ ಅನುಮಾನಿಸುತ್ತಾ ಕೂರುತ್ತಾರೆ.